ಜಂತ್ರಡಿ

ಡಾಕ್ಟರ್ ರೇವಣಕರ ರಿಪೋರ್ಟು ಮಗುಚಿ ಹಾಕಿ
ಹಿಂಬದಿಯ ಖಾಲಿಯಲ್ಲಿ ಒಂದು ಹೆಂಗಸನ್ನು ಗೀಚಿದರು.
ಮುಖ ಇಲ್ಲ. ಎಡಮೊಲೆಯಲ್ಲಿ ಗಂಟು,
ಕಂಕುಳಲ್ಲಿ ಮೂರು ಚುಕ್ಕಿ.
"ಕೊಯ್ಯುವ ಮೊದಲು ಇದು ಕುಗ್ಗಬೇಕು.
ಈಗಲೇ ಕೈ ಹಾಕಿದರೆ ಅಂಚು ಸಿಗುವುದಿಲ್ಲ.
ಮದ್ದು ಒಳಗೆ ಹೋಗಲು ಎರಡು ದಾರಿ."

ಒಂದು, ಮುಂಗೈಯ ನೀಲಿ ನರದಿಂದ:
ಹೃದಯ ಹಾದು, ಮೈಯೆಲ್ಲ ಸುತ್ತಿ,
ಉಗುರು, ನಾಲಿಗೆ, ಕೂದಲ ಬುಡ ತೊಯ್ಸಿ
ಗಂಟಿಗೂ ಅದರ ಪಾಲು.
ಇನ್ನೊಂದು, ತೊಡೆಸಂದಿನ ಧಮನಿಯಲ್ಲಿ
ದಾರದಂಥ ಕೊಳವೆ ಏರಿಸಿ
ಗಂಟಿಗೆ ಉಣಿಸುವ ಕವಲಿನಲ್ಲೇ ನಿಲ್ಲಿಸಿ
ಅಲ್ಲೇ ಬಿಡುವುದು.

ಪೆನ್ನು ತೊಡೆಯಿಂದ ಎದೆಗೆ ಏರುವಾಗ
ನನಗೆ ಕಂಡದ್ದು ಐಗಳಕುರ್ವೆಯ ಗಜನಿ ಗದ್ದೆ.

ಅಪ್ಪ ಜಂತ್ರಡಿ ಕಾಯುತ್ತಿದ್ದ.
ಒಡ್ಡಿನ ಬಾಯಿಗೆ ಹಲಗೆ;
ಭರತಕ್ಕೆ ಇಳಿಸುವುದು, ಇಳಿತಕ್ಕೆ ಎತ್ತುವುದು,
ಅಷ್ಟೇ ಉದ್ಯೋಗ, ನಿದ್ದೆಯೂ ಅದರ ಲೆಕ್ಕದಲ್ಲೇ.
ಬಾಗಿಲಿನಿಂದ ಬಂದ ನೀರು ಹೇಳಿದ ಕಡೆ ಹೋಗುತ್ತಿತ್ತು,
ಬರುವಾಗ ಸಿಗಡಿಯನ್ನೂ ತರುತ್ತಿತ್ತು.
ಒಡ್ಡು ಒಡೆದ ವರ್ಷ ಬಂದ ನೀರು
ಕಗ್ಗದ ಪೈರು, ಬಾವಿ, ಬಚ್ಚಲು ಎಲ್ಲ ನೆಕ್ಕಿತು.
ಮೂರು ವರ್ಷ ನಮ್ಮ ಚಹಾ ಉಪ್ಪು.

ಹಾಗಾಗಿ ಹೇಳಿದೆ: "ಬಾಗಿಲಿನದ್ದೇ ಕೊಡಿ."
ಅವರು ಕನ್ನಡಕ ತೆಗೆದರು.
"ಆರಿಸುವುದು ನೀವಲ್ಲ, ನಾನೂ ಅಲ್ಲ.
ಯಾವುದು ಮೇಲೆಂದು ಗೊತ್ತಿದ್ದರೆ
ಎರಡು ಗೆರೆ ಯಾಕೆ ಎಳೆಯುತ್ತಿದ್ದೆ?
ಒಪ್ಪಿದರೆ ಲಕೋಟೆ ಒಡೆಯುತ್ತೇವೆ.
ಒಪ್ಪದಿದ್ದರೆ ರೂಢಿಯ ದಾರಿ, ಕೈಯದು."

ಒಪ್ಪಿದೆ. ಲಕೋಟೆಯಲ್ಲೂ ಕೈಯೇ ಬಂತು.

ಪಕ್ಕದ ಮಂಚದ ಪಿಯೆದಾದಳಿಗೆ ತೊಡೆ.
ಮಾಜಾಳಿಯವಳು, ಶಾಲೆಯ ಯೂನಿಫಾರ್ಮ್ ಹೊಲಿಯುವವಳು,
ಕೊರಳಲ್ಲಿ ಶಿಲುಬೆ, ಅದರ ಮೇಲೆ ಅಳತೆಯ ಟೇಪು.
"ನಿನಗೆ ಹೆಬ್ಬಾಗಿಲು, ನನಗೆ ಹಿತ್ತಿಲು," ಅಂದಳು.

ಮದ್ದು ಮುರುಗಲ ಪಾನಕದ ಕೆಂಪು.
ಹನಿ ಎಣಿಸಿ ಸಾಕಾದರೆ ಕಿಟಕಿ:
ಕಾಳಿ ಕಡಲಿಗೆ ಬೀಳುವಲ್ಲಿ ನೀರಿಗೆ ಎರಡು ಬಣ್ಣ.
ಮೂರನೇ ವಾರ ಬಾಚಣಿಗೆಗೆ ಜಡೆಯೇ ಬಂತು.
ಬಂಗಡೆಯ ವಾಸನೆಗೆ ವಾಂತಿ.
ನನಗೆ! ಬಂಗಡೆಗೆ!
ಅವಳ ಕೂದಲು ತಡೆದು ತಡೆದು ಉದುರಿತು;
ಆದರೆ ಮೊಲೆಯ ಚರ್ಮ ಸುಟ್ಟ ಹಪ್ಪಳ,
ಪ್ರತಿ ಸಲವೂ ಆರು ತಾಸು ಕಾಲು ಮಡಚದೆ
ಅಂಗಾತ ಬಿದ್ದು ಫ್ಯಾನಿಗೆ ಕೊಂಕಣಿಯಲ್ಲಿ ಬೈಗುಳ.
ನನಗೆ ಕೊಂಕಣಿ ಬರುತ್ತದೆಂದು
ಅವಳಿಗೆ ತಡವಾಗಿ ತಿಳಿಯಿತು.

ರಾತ್ರಿ ನರ್ಸ್ ಹೋದ ಮೇಲೆ ಪರದೆ ಎಳೆದು ಟೇಪು.
ಸ್ಕ್ಯಾನು ಗೀನು ಅವಳು ನಂಬುವವಳಲ್ಲ.
"ನಂದು ನಾಲ್ಕು ಇಂಚಿದ್ದದ್ದು ಎರಡೂವರೆ. ನಿಂದು?"
"ಮೂರು."
"ಗೆದ್ದೆ."
ಮುಂದಿನ ಸಲ ನನ್ನದು ಎರಡು,
ಅವಳದು ಎರಡೂವರೆಯಲ್ಲೇ ಕೂತಿತ್ತು.
ಟೇಪು ಸುರುಳಿ ಸುತ್ತಿ ದಿಂಬಿನಡಿ ಇಟ್ಟಳು,
ಮತ್ತೆ ತೆಗೆಯಲಿಲ್ಲ.

ನಿದ್ದೆ ಬರದಾಗ ನೆನಪಾಯಿತು:
ಒಡ್ಡು ಒಡೆದದ್ದು ಕಡಲಿನಿಂದಲ್ಲ,
ಏಡಿ ಕೊರೆದ ಬಿಲದಿಂದ.
ಅಪ್ಪ ಲಾಟೀನು ಹಿಡಿದು ಒಡ್ಡಿನುದ್ದ ಬಗ್ಗಿ ನಡೆಯುತ್ತಿದ್ದ,
ಸಿಕ್ಕಿದ ಬಿಲಕ್ಕೆ ಜೇಡಿ ಮೆತ್ತುತ್ತಿದ್ದ.
ಸಿಗದ ಬಿಲಕ್ಕೆ?
ಕೈಯ ಮದ್ದು ಕಾಣದ ಬಿಲಗಳಿಗೂ ಹೋಗುತ್ತದಂತೆ.
ತೊಡೆಯದ್ದೂ ಗಂಟು ದಾಟಿ
ಕೊನೆಗೆ ಮೈಗೇ ಇಳಿಯುತ್ತದಂತೆ.
ಯಾರು ಎಷ್ಟು, ಎಲ್ಲಿಗೆ, ಯಾವಾಗ ತಲುಪಿದರು,
ಅದನ್ನೇ ಬರೆದಿಡುತ್ತಿದ್ದಾರೆ
ನಮ್ಮ ಹೆಸರಿಲ್ಲದ ಒಂದು ಪುಸ್ತಕದಲ್ಲಿ.

ಕೊಯ್ದರು. ಮೊದಲು ಅವಳನ್ನು, ವಾರ ಬಿಟ್ಟು ನನ್ನನ್ನು.

ಈಗ ಮಾಜಾಳಿಯಿಂದ ಪೊಟ್ಟಣ:
ಎರಡು ರವಿಕೆ, ಎಡಗಡೆ ಒಳಜೇಬು,
ಜೇಬಿನಲ್ಲಿ ಹತ್ತಿಯ ನಡುವೆ ಸಾಸಿವೆ ಕಟ್ಟಿದ ಉಂಡೆ.
ತೂಕ ಬೇಕಂತೆ, ಇಲ್ಲದಿದ್ದರೆ ಹೆಗಲು ವಾಲುತ್ತದೆ.
ಅವಳದು ಬಲಗಡೆ. ಬಟ್ಟೆ ಒಂದೇ ಥಾನಿನದು.

"ಯಾವ ದಾರಿ ಮೇಲಾಯ್ತು?" ಕೇಳಿದ್ದಕ್ಕೆ ರೇವಣಕರ,
"ಐದು ವರ್ಷ ಬಿಟ್ಟು ಬನ್ನಿ, ಲೆಕ್ಕ ಮುಗಿದಿರುತ್ತದೆ."
ಪಿಯೆದಾದ್ ಆಗಲೇ ತಾರೀಖು ಬರೆದುಕೊಂಡಿದ್ದಾಳೆ.
"ನೀನು ಕುಮಟೆಯಿಂದ ಏಳರ ಬಸ್ಸು ಹಿಡಿ,
ಕಾರವಾರದ ಸ್ಟ್ಯಾಂಡಿನಲ್ಲಿ ಸಿಗುವ.
ಮೊದಲು ಬಂದವಳು ಎರಡು ಚಹಾ ಹೇಳುವುದು."